ನೋವು ನೀಗುವುದು, ಹಲ್ಲು ತಿದ್ದುವುದು: ಒಂದು ಧರ್ಮಜಿಜ್ಞಾಸೆ

ದಂತಚಿಕಿತ್ಸೆ ಎರಡು ಬಗೆಯ ಕೆಲಸ ಮಾಡುತ್ತದೆ. ಒಂದು, ನೋವನ್ನೂ ನೋವಿನ ಭಯವನ್ನೂ ಇಲ್ಲವಾಗಿಸುತ್ತದೆ. ಇನ್ನೊಂದು, ತಾನಾಗಿ ಬಂದ ಹಲ್ಲಿನ ಸಾಲನ್ನು ಬೇರೊಂದು ಸಾಲಾಗಿ ಕೂರಿಸುತ್ತದೆ. ಮರಗಟ್ಟಿಸುವ ಇಂಜೆಕ್ಷನ್ನೂ ಹಲ್ಲಿಗೆ ಹಾಕುವ ಕ್ಲಿಪ್ಪೂ ಇಂದು ಸಣ್ಣ ಊರುಗಳಿಗೂ ಬಂದಿರುವುದರಿಂದ ಇವುಗಳ ಹಿಂದೆ ಧರ್ಮದ ಪ್ರಶ್ನೆಯೊಂದಿದೆ ಎಂದು ಹೆಚ್ಚಿನವರಿಗೆ ತೋರುವುದಿಲ್ಲ. ಆದರೆ ಇದೆ. ನೋವು ಮನುಷ್ಯನ ಪಾಲಿಗೆ ಬಂದದ್ದು, ಅದನ್ನು ಸಹಿಸುವುದೇ ಸಾಧನೆ ಎಂದು ಹಲವು ಪರಂಪರೆಗಳು ಹೇಳಿವೆ. ದೇಹ ದೇವರು ಕೊಟ್ಟದ್ದು, ಅದರ ರೂಪವನ್ನು ಬದಲಿಸುವುದು ಸಲ್ಲದು ಎಂಬ ಮಾತೂ ಇದೆ. ಈ ಎರಡು ಮಾತುಗಳನ್ನು ಎಲ್ಲಿಯವರೆಗೆ ಒಪ್ಪಬಹುದು ಎಂಬುದು ಇಲ್ಲಿನ ವಿಚಾರ.

ನೋವಿನ ಪ್ರಶ್ನೆಯನ್ನು ಆಧುನಿಕ ಜಗತ್ತಿನ ಮುಂದೆ ತಂದಿಟ್ಟವರು ದಂತವೈದ್ಯರೇ. 1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ನೈಟ್ರಸ್ ಆಕ್ಸೈಡ್ ಅನಿಲದ ಪ್ರದರ್ಶನವೊಂದು ನಡೆಯಿತು. ಅನಿಲ ಸೇದಿದವನೊಬ್ಬನ ಕಾಲಿಗೆ ಪೆಟ್ಟು ಬಿದ್ದರೂ ಅದು ಅವನ ಅರಿವಿಗೇ ಬರಲಿಲ್ಲ. ಇದನ್ನು ನೋಡಿದ ದಂತವೈದ್ಯ ಹೊರೇಸ್ ವೆಲ್ಸ್ ಮರುದಿನವೇ ಆ ಅನಿಲವನ್ನು ಸೇದಿ ತನ್ನದೇ ಹಲ್ಲನ್ನು ಕೀಳಿಸಿಕೊಂಡ. ಮುಂದೆ ಬಾಸ್ಟನ್ನಿನಲ್ಲಿ ವೈದ್ಯರ ಎದುರು ಅದನ್ನು ಮಾಡಿ ತೋರಿಸುವಾಗ ರೋಗಿ ಕೂಗಿಕೊಂಡದ್ದರಿಂದ ವೆಲ್ಸ್ ನಗೆಪಾಟಲಿಗೀಡಾದ. ಅವನ ಜೊತೆ ಕೆಲಸ ಮಾಡಿದ್ದ ಇನ್ನೊಬ್ಬ ದಂತವೈದ್ಯ ವಿಲಿಯಂ ಮಾರ್ಟನ್ ಈಥರ್ ಬಳಸಿ ಮೊದಲು ಹಲ್ಲು ಕಿತ್ತ. 1846ರ ಅಕ್ಟೋಬರ್ 16ರಂದು ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಅದೇ ಈಥರ್ ಕೊಟ್ಟು ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಸಾಧ್ಯವಾಗಿಸಿದ. ಅಲ್ಲಿಯವರೆಗೆ ನೋವು ತಪ್ಪಿಸಲಾಗದ್ದು. ಆದ್ದರಿಂದ ಅದನ್ನು ಸಹಿಸಬೇಕೆ ಎಂಬ ಪ್ರಶ್ನೆಗೆ ಅರ್ಥವೇ ಇರಲಿಲ್ಲ. ತಪ್ಪಿಸಬಹುದು ಎಂದು ಗೊತ್ತಾದ ದಿನ ಸಹನೆ ಒಂದು ಆಯ್ಕೆಯಾಯಿತು, ಆಯ್ಕೆಯಾದ್ದರಿಂದಲೇ ಧರ್ಮದ ಪ್ರಶ್ನೆಯೂ ಆಯಿತು.

ಮರುವರ್ಷವೇ ಸ್ಕಾಟ್ಲೆಂಡಿನ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಬಳಸಲು ಹೊರಟಾಗ ಬೈಬಲ್ಲಿನ ಆದಿಕಾಂಡ ಚರ್ಚೆಗೆ ಬಂತು. ನೋವಿನಿಂದ ಹೆರಬೇಕೆಂಬ ದೈವಶಾಪವನ್ನು ಔಷಧದಿಂದ ತಪ್ಪಿಸುವುದು ಸರಿಯೇ ಎಂಬುದು ಆಕ್ಷೇಪ. ಸಿಂಪ್ಸನ್ 1847ರಲ್ಲೇ ಇದಕ್ಕೆ ಉತ್ತರವಾಗಿ ಪುಸ್ತಿಕೆಯೊಂದನ್ನು ಪ್ರಕಟಿಸಿದ. ಆದಾಮನ ಪಕ್ಕೆಲುಬು ತೆಗೆಯುವ ಮೊದಲು ದೇವರೇ ಅವನಿಗೆ ಗಾಢನಿದ್ರೆ ಬರಿಸಿದನಲ್ಲ ಎಂಬುದು ಅವನ ವಾದಗಳಲ್ಲೊಂದು. ಆಕ್ಷೇಪ ನಿಜಕ್ಕೂ ಎಷ್ಟು ವ್ಯಾಪಕವಾಗಿತ್ತು ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಕ್ರೈಸ್ತ ಪರಂಪರೆಯೊಳಗಿನ ಅತ್ಯಂತ ಸ್ಪಷ್ಟವಾದ ಉತ್ತರ ನೂರು ವರ್ಷ ತಡವಾಗಿ ಬಂತು. 1957ರ ಫೆಬ್ರುವರಿ 24ರಂದು ಪೋಪ್ ಹನ್ನೆರಡನೆಯ ಪಯಸ್ ಅರಿವಳಿಕೆ ತಜ್ಞರ ಪ್ರಶ್ನೆಗಳಿಗೆ ಉತ್ತರಿಸುತ್ತ, ನೋವನ್ನು ಒಪ್ಪಿಕೊಳ್ಳಲೇಬೇಕೆಂಬ ಸಾಮಾನ್ಯ ಕರ್ತವ್ಯ ಯಾರ ಮೇಲೂ ಇಲ್ಲ ಎಂದರು. ಭಕ್ತನೊಬ್ಬ ತಾನಾಗಿ ನೋವನ್ನು ಒಪ್ಪಿಕೊಂಡರೆ ಅದಕ್ಕೆ ಬೆಲೆಯಿದೆ; ಒಪ್ಪದವನು ಪಾಪಿಯಲ್ಲ. ಈ ವ್ಯತ್ಯಾಸ ಬಹಳ ಮುಖ್ಯವಾದದ್ದು. ಭಾರತದ ಪರಂಪರೆಗಳಲ್ಲಿ ಇದು ಇನ್ನೂ ಹಿಂದೆಯೇ, ಬೇರೆ ದಾರಿಯಿಂದ ಬಂದಿತ್ತು.

ವೇದಾಂತದ ಸಾಧಕನಿಗೆ ಬೇಕಾದ ಗುಣಗಳಲ್ಲಿ ತಿತಿಕ್ಷೆಯೂ ಒಂದು. ಶಂಕರಾಚಾರ್ಯರದೆಂದು ಪರಂಪರೆ ಹೇಳುವ ‘ವಿವೇಕಚೂಡಾಮಣಿ’ಯಲ್ಲಿ ಅದರ ವಿವರಣೆ ಕಠಿಣವಾಗಿದೆ: ದುಃಖಕ್ಕೆ ಪ್ರತೀಕಾರ ಹುಡುಕದೆ, ಚಿಂತಿಸದೆ, ಗೋಳಾಡದೆ ಸಹಿಸುವುದು. ಹಲ್ಲುನೋವಿನಿಂದ ರಾತ್ರಿಯೆಲ್ಲ ಎದ್ದಿರುವವರಿಗೆ ಈ ಮಾತನ್ನು ಹೇಳುವವರೂ ಇದ್ದಾರೆ, ಹೇಳಬಾರದು. ಏಕೆಂದರೆ ತಿತಿಕ್ಷೆ ಅಧಿಕಾರಿಭೇದಕ್ಕೆ ಒಳಪಟ್ಟದ್ದು. ಮೋಕ್ಷವನ್ನೇ ಬಯಸಿ ಎಲ್ಲವನ್ನೂ ಬಿಟ್ಟವನು ಅದನ್ನು ತನ್ನ ಮೇಲೆ ತಾನೇ ಹಾಕಿಕೊಳ್ಳುತ್ತಾನೆ. ಗೃಹಸ್ಥನಿಗೆ, ಮಗುವಿಗೆ, ಗರ್ಭಿಣಿಗೆ ಅದು ವಿಧಿಯಲ್ಲ.

ಜೈನಧರ್ಮದಲ್ಲಿ ಈ ಗೆರೆ ಇನ್ನೂ ಸ್ಪಷ್ಟ. ದಿಗಂಬರ ಮುನಿಯ 28 ಮೂಲಗುಣಗಳಲ್ಲಿ ಹಲ್ಲುಜ್ಜದಿರುವುದೂ ಒಂದು. ತಲೆಗೂದಲನ್ನು ಕೈಯಿಂದಲೇ ಕಿತ್ತುಕೊಳ್ಳುವ ಕೇಶಲೋಚ ಇನ್ನೊಂದು. ಶ್ರವಣಬೆಳಗೊಳದಂಥ ಕ್ಷೇತ್ರಗಳಲ್ಲಿ ಈ ವ್ರತ ಹಿಡಿದವರನ್ನು ಇಂದಿಗೂ ಕಾಣಬಹುದು. ಮನೆಯಲ್ಲಿರುವ ಶ್ರಾವಕ ಶ್ರಾವಿಕೆಯರಿಗೆ ಈ ನಿಯಮವಿಲ್ಲ. ಇದಕ್ಕಿಂತ ಗಮನಿಸಬೇಕಾದ್ದು ಬೇರೊಂದಿದೆ: ತನ್ನ ದೇಹದ ನೋವನ್ನು ಇಷ್ಟು ನಿರ್ಲಿಪ್ತವಾಗಿ ಸಹಿಸುವ ಅದೇ ಮುನಿ, ದಾರಿಯ ಇರುವೆಗೂ ನೋವಾಗಬಾರದೆಂದು ನವಿಲುಗರಿಯ ಪಿಂಛಿಯಿಂದ ನೆಲ ಸವರಿ ಕೂರುತ್ತಾನೆ. ತಾನು ನೋವು ಸಹಿಸುವುದು ತಪಸ್ಸು. ಪರರ ನೋವಿಗೆ ಕಾರಣವಾಗುವುದು ಹಿಂಸೆ. ಕುರ್ಚಿಯಲ್ಲಿ ಕೂತ ರೋಗಿಗೆ ‘ಸ್ವಲ್ಪ ತಡಕೊಳ್ಳಿ’ ಎಂದು ಮರಗಟ್ಟಿಸದೆ ಹಲ್ಲು ಕೊರೆಯುವ ವೈದ್ಯ, ತನ್ನದಲ್ಲದ ತಪಸ್ಸನ್ನು ಇನ್ನೊಬ್ಬರ ಮೇಲೆ ಹೇರುತ್ತಾನೆ.

ದುಃಖನಿವಾರಣೆಯೇ ದರ್ಶನದ ಗುರಿ ಎಂದು ಹೊರಟ ಸಾಂಖ್ಯರು ಔಷಧವನ್ನು ಅಲ್ಲಗಳೆಯಲಿಲ್ಲ. ಕಣ್ಣಿಗೆ ಕಾಣುವ ಉಪಾಯಗಳಿರುವಾಗ ತತ್ತ್ವಜಿಜ್ಞಾಸೆ ಏಕೆ ಬೇಕು ಎಂಬ ಪ್ರಶ್ನೆಯನ್ನು ‘ಸಾಂಖ್ಯಕಾರಿಕೆ’ ತನ್ನ ಮೊದಲ ಶ್ಲೋಕದಲ್ಲೇ ಎತ್ತಿಕೊಳ್ಳುತ್ತದೆ. ಅವು ನಿಶ್ಚಿತವೂ ಅಲ್ಲ, ಶಾಶ್ವತವೂ ಅಲ್ಲ ಎಂಬುದು ಉತ್ತರ. ಅಂದರೆ ಔಷಧ ತಪ್ಪಲ್ಲ, ಸಾಲದು ಅಷ್ಟೇ. ಪತಂಜಲಿಯ ಯೋಗಸೂತ್ರ ಇನ್ನೂ ಮುಂದೆ ಹೋಗಿ, ಇನ್ನೂ ಬಾರದಿರುವ ದುಃಖವೇ ತಪ್ಪಿಸಿಕೊಳ್ಳಲು ಯೋಗ್ಯವಾದದ್ದು ಎನ್ನುತ್ತದೆ. ಹುಳುಕು ಸಣ್ಣದಿರುವಾಗಲೇ ತುಂಬಿಸಿಕೊಳ್ಳುವುದಕ್ಕೆ ಇದಕ್ಕಿಂತ ಹಳೆಯ ಸಮರ್ಥನೆ ಬೇಕಿಲ್ಲ. ಶಸ್ತ್ರವಿದ್ಯೆಯ ಆಚಾರ್ಯ ಸುಶ್ರುತ ಶಸ್ತ್ರಕರ್ಮದ ಮೊದಲು ರೋಗಿಗೆ ಇಷ್ಟವಾದ ಊಟವನ್ನೂ, ಕುಡಿಯುವ ಅಭ್ಯಾಸವಿದ್ದವರಿಗೆ ತೀಕ್ಷ್ಣವಾದ ಮದ್ಯವನ್ನೂ ಕೊಡಲು ಹೇಳುತ್ತಾನೆ. ಶಸ್ತ್ರದ ನೋವು ತಿಳಿಯದಿರಲಿ ಎಂಬುದೇ ಉದ್ದೇಶ. ಬಾಯಿಯ ರೋಗಗಳೂ ಸೇರಿದಂತೆ ಕೆಲವು ರೋಗಗಳಲ್ಲಿ ಮಾತ್ರ ಖಾಲಿ ಹೊಟ್ಟೆಯಲ್ಲಿ ಕರ್ಮ ನಡೆಸಬೇಕೆಂದು ಬಿಡಿಸಿ ಹೇಳಿರುವುದು ಅವನ ಅನುಭವದ ಸೂಕ್ಷ್ಮತೆ.

ನೋವಿಗಿಂತ ಭಯ ದೊಡ್ಡದು ಎಂಬುದನ್ನು ಸ್ಪಷ್ಟವಾಗಿ ಕಂಡವನು ಬುದ್ಧ. ಸಂಯುಕ್ತನಿಕಾಯದ ಸಲ್ಲ ಸುತ್ತದಲ್ಲಿ ಬಾಣದ ಉಪಮೆ ಬರುತ್ತದೆ. ಬಾಣ ತಾಗಿದವನ ಮೈಗೆ ನೋವಾಗುತ್ತದೆ. ತಿಳಿವಿಲ್ಲದವನು ಆ ನೋವಿಗೆ ಹೆದರಿ, ಮರುಗಿ, ಎರಡನೆಯ ಬಾಣವನ್ನೂ ತಾಗಿಸಿಕೊಳ್ಳುತ್ತಾನೆ. ದಂತಭಯ ಹೆಚ್ಚಾಗಿ ಈ ಎರಡನೆಯ ಬಾಣವೇ. ಚಿಕ್ಕಂದಿನಲ್ಲಿ ಬಲವಂತವಾಗಿ ಹಿಡಿದು ಹಲ್ಲು ಕಿತ್ತ ನೆನಪು, ಡ್ರಿಲ್ಲಿನ ಸದ್ದು, ಲವಂಗದೆಣ್ಣೆಯ ವಾಸನೆ, ಮಲಗಿಸಿ ಬಾಯಿ ತೆರೆಸಿದಾಗ ಮಾತಾಡಲಾಗದ ಅಸಹಾಯಕತೆ ಎಲ್ಲ ಸೇರಿ ಅದು ಬೆಳೆಯುತ್ತದೆ. ಹೆದರಿದವರು ಚಿಕಿತ್ಸೆ ಮುಂದೂಡುತ್ತಾರೆ. ಮುಂದೂಡಿದಷ್ಟೂ ಹುಳುಕು ಆಳಕ್ಕಿಳಿಯುತ್ತದೆ. ಕಡೆಗೆ ಹೋದಾಗ ನೋವು ನಿಜಕ್ಕೂ ಹೆಚ್ಚಾಗಿ, ಭಯ ಸರಿಯೆಂದೇ ರುಜುವಾತಾಗುತ್ತದೆ. ಆದರೆ ಬುದ್ಧನ ಉಪಮೆಯನ್ನು ರೋಗಿಯ ಮೇಲಿನ ಆರೋಪವಾಗಿ ಓದಬಾರದು. ಎರಡನೆಯ ಬಾಣವೂ ಬಾಣವೇ, ಅದನ್ನೂ ಕೀಳಬೇಕು.

ಕೀಳುವ ದಾರಿಗಳು ಇಂದು ಹಲವು. ಎಲ್ಲಕ್ಕಿಂತ ಸರಳವಾದದ್ದಕ್ಕೆ ಔಷಧವೇ ಬೇಡ: ಏನು ಮಾಡಲಿದ್ದೇವೆಂದು ಹೇಳುವುದು, ಉಪಕರಣವನ್ನು ತೋರಿಸುವುದು, ಆಮೇಲೆ ಮಾಡುವುದು. ಮಕ್ಕಳಿಗಾಗಿ ರೂಪುಗೊಂಡ ಈ ಕ್ರಮ ದೊಡ್ಡವರಿಗೂ ಸಲ್ಲುತ್ತದೆ. ಕೈ ಎತ್ತಿದ ತಕ್ಷಣ ಕೆಲಸ ನಿಲ್ಲಿಸುವ ಒಪ್ಪಂದ ಇನ್ನೊಂದು. ಕೈ ಎತ್ತುವ ಪ್ರಸಂಗ ಬಾರದೆ ಹೋದರೂ, ನಿಲ್ಲಿಸುವ ಅಧಿಕಾರ ತನ್ನದು ಎಂಬ ಅರಿವೇ ರೋಗಿಯ ಎದೆಬಡಿತವನ್ನು ಇಳಿಸುತ್ತದೆ. ಸೂಜಿಗೆ ಹೆದರುವವರಿಗೆ ಮೊದಲು ವಸಡಿಗೆ ಮರಗಟ್ಟಿಸುವ ಜೆಲ್ ಹಚ್ಚಿ, ಆಮೇಲೆ ನಿಧಾನವಾಗಿ ಇಂಜೆಕ್ಷನ್ ಕೊಡಬಹುದು. ಆ ಇಂಜೆಕ್ಷನ್ನಿನಲ್ಲಿ ಸಾಮಾನ್ಯವಾಗಿ ಇರುವುದು ಲಿಡೋಕೇನ್. 1943ರಲ್ಲಿ ಸ್ವೀಡನ್ನಿನಲ್ಲಿ ಸಿದ್ಧವಾದದ್ದು. ಕೀವು ತುಂಬಿ ಊದಿಕೊಂಡ ಜಾಗದಲ್ಲಿ ಆಮ್ಲೀಯತೆ ಹೆಚ್ಚುವುದರಿಂದ ಈ ಔಷಧ ಸರಿಯಾಗಿ ಹಿಡಿಯುವುದಿಲ್ಲ. ‘ಇಂಜೆಕ್ಷನ್ ಕೊಟ್ಟರೂ ನೋಯುತ್ತಿದೆ’ ಎಂಬ ಮಾತು ಆಗ ಅಂಜುಬುರುಕತನದ ಮಾತಲ್ಲ, ರಸಾಯನಶಾಸ್ತ್ರದ ಸತ್ಯ. ಪರರ ನೋವನ್ನು ಒಳಹೊಕ್ಕು ನೋಡುವ ಸಾಧನ ಯಾರಲ್ಲೂ ಇಲ್ಲ. ಹೇಳಿದವರನ್ನು ನಂಬುವುದೇ ದಾರಿ, ಅದೇ ವೈದ್ಯಧರ್ಮ.

ಇಷ್ಟರಿಂದ ಆಗದಿದ್ದಾಗ ನಿದ್ರಾಜನಕ ಚಿಕಿತ್ಸೆಗಳು ಬರುತ್ತವೆ. ಹೊರೇಸ್ ವೆಲ್ಸ್ ಸೇದಿದ ಅದೇ ನೈಟ್ರಸ್ ಆಕ್ಸೈಡನ್ನು ಇಂದು ಆಮ್ಲಜನಕದ ಜೊತೆ ಅಳತೆ ಮಾಡಿ ಮೂಗಿನ ಮೂಲಕ ಕೊಡುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾನೆ. ಅನಿಲ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಉಸಿರಿನ ಜೊತೆ ಅದು ಹೊರಟುಹೋಗುತ್ತದೆ. ರಕ್ತನಾಳದ ಮೂಲಕ ಕೊಡುವ ಮಿಡಜೋಲಾಮ್ ಇನ್ನೂ ಬಲವಾದದ್ದು. ತೀರ ಹೆದರಿದ ಚಿಕ್ಕ ಮಕ್ಕಳಿಗೆ, ಕೆಲವು ಅಂಗವಿಕಲರಿಗೆ, ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ಆಸ್ಪತ್ರೆಯಲ್ಲಿ ಪೂರ್ಣ ಅರಿವಳಿಕೆ.

ಮಿಡಜೋಲಾಮ್ ಎತ್ತುವ ಪ್ರಶ್ನೆ ದಾರ್ಶನಿಕವಾಗಿ ಬಹಳ ಆಳವಾದದ್ದು. ಅದನ್ನು ಪಡೆದವರು ಕರೆದರೆ ಓಗೊಡುತ್ತಾರೆ, ಬಾಯಿ ತೆರೆಯೆಂದರೆ ತೆರೆಯುತ್ತಾರೆ. ಆಮೇಲೆ ಅದರಲ್ಲಿ ಹೆಚ್ಚಿನದೇನೂ ಅವರ ನೆನಪಿನಲ್ಲಿ ಉಳಿದಿರುವುದಿಲ್ಲ. ಆ ಅರ್ಧ ಗಂಟೆಯಲ್ಲಿ ನೋವಾಗಿದ್ದರೆ ಅದು ಯಾರಿಗಾಯಿತು? ನೆನಪಿಲ್ಲದ ದುಃಖ ದುಃಖವೇ? ಅದ್ವೈತಿಗಳು ಜಾಗ್ರತ್, ಸ್ವಪ್ನ, ಸುಷುಪ್ತಿ ಎಂಬ ಮೂರು ಅವಸ್ಥೆಗಳನ್ನು ಸೋಸಿ ನೋಡುವಾಗ ಇದೇ ಕಡೆಗೆ ಬಂದಿದ್ದರು. ಗಾಢನಿದ್ರೆಯಿಂದ ಎದ್ದವನು ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ ಎನ್ನುತ್ತಾನೆ. ಏನೂ ತಿಳಿಯಲಿಲ್ಲ ಎಂಬುದನ್ನು ತಿಳಿದ ಸಾಕ್ಷಿಯೊಂದು ಅಲ್ಲಿ ಇದ್ದಿರಲೇಬೇಕು ಎಂಬುದು ಅವರ ವಾದ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ಮೂರ್ಛೆಯ ವಿಚಾರವೇ ಪ್ರತ್ಯೇಕವಾಗಿ ಬರುತ್ತದೆ. ಮೂರ್ಛೆ ಎಚ್ಚರವಲ್ಲ, ಕನಸಲ್ಲ, ನಿದ್ರೆಯಲ್ಲ, ಮರಣವೂ ಅಲ್ಲ ಎಂದು ಒಂದೊಂದಾಗಿ ಬಿಡಿಸಿ, ಅದನ್ನು ಅರ್ಧಸಂಪತ್ತಿ ಎಂದು ಶಂಕರರು ನಿರ್ಣಯಿಸುತ್ತಾರೆ. ಅರಿವಳಿಕೆಯ ಕಾಲಕ್ಕೆ ಸಾವಿರ ವರ್ಷ ಮೊದಲೇ ಈ ಸ್ಥಿತಿಗೆ ಪ್ರತ್ಯೇಕ ಸ್ಥಾನ ಬೇಕೆಂದು ಕಂಡದ್ದು ಸಣ್ಣ ಮಾತಲ್ಲ. ಮಿಡಜೋಲಾಮಿನ ಸ್ಥಿತಿ ಈ ಯಾವ ಪಟ್ಟಿಗೂ ನೇರವಾಗಿ ಸೇರುವುದಿಲ್ಲ: ಎಚ್ಚರವಿದೆ, ಆದರೆ ನೆನಪಿನ ದಾರ ಕಡಿದಿದೆ. ಸಾಕ್ಷಿವಾದವನ್ನು ಒಪ್ಪಿದರೆ ಉತ್ತರ ಒಂದೇ ಆಗಬಲ್ಲದು. ನೆನಪು ಉಳಿಯಲಿ ಬಿಡಲಿ, ಅನುಭವಿಸಿದ ನೋವು ಅನುಭವಿಸಿದ್ದೇ. ಒಳ್ಳೆಯ ವೈದ್ಯಪದ್ಧತಿಯೂ ಇದಕ್ಕೆ ಹೊಂದಿಯೇ ನಡೆಯುತ್ತದೆ: ಮರೆವಿನ ಔಷಧ ಕೊಟ್ಟಾಗಲೂ ಹಲ್ಲಿನ ಬುಡಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವುದನ್ನು ಬಿಡುವುದಿಲ್ಲ.

ಎರಡನೆಯ ಪ್ರಶ್ನೆ ಹಲ್ಲಿನ ಸಾಲಿನದು. ಉಬ್ಬುಹಲ್ಲು, ಒಂದರ ಮೇಲೊಂದು ಏರಿದ ಹಲ್ಲು, ಸೊಟ್ಟ ಹಲ್ಲು, ಮೇಲಿನ ದವಡೆಗಿಂತ ಮುಂದಕ್ಕೆ ಚಾಚಿದ ಕೆಳದವಡೆ ಇವೆಲ್ಲ ದೋಷಗಳೋ, ರೂಪದ ವೈವಿಧ್ಯವೋ? ದೋಷ ಎನ್ನಲು ನಿರ್ದೋಷವಾದದ್ದು ಯಾವುದೆಂದು ತಿಳಿದಿರಬೇಕು. 1899ರಲ್ಲಿ ಅಮೆರಿಕದ ಎಡ್ವರ್ಡ್ ಆ್ಯಂಗಲ್ ಮೇಲಿನ ಮತ್ತು ಕೆಳಗಿನ ಮೊದಲ ದವಡೆಹಲ್ಲುಗಳ ಸಂಬಂಧವನ್ನು ಆಧಾರವಾಗಿಟ್ಟುಕೊಂಡು ದೋಷಗಳನ್ನು ಮೂರು ವರ್ಗ ಮಾಡಿದ. ಈ ವಿಂಗಡಣೆ ಇಂದಿಗೂ ಪಾಠದಲ್ಲಿದೆ. ಮೂವತ್ತೆರಡು ಹಲ್ಲೂ ತಮ್ಮ ಸ್ಥಾನದಲ್ಲಿದ್ದರೆ ಮಾತ್ರ ಮುಖಕ್ಕೆ ಸಾಮರಸ್ಯ ಎಂದು ಅವನು ದೃಢವಾಗಿ ನಂಬಿದ್ದ, ಜಾಗಕ್ಕಾಗಿ ಹಲ್ಲು ಕೀಳುವುದನ್ನು ವಿರೋಧಿಸಿದ. ಇದರಲ್ಲಿ ವಿಜ್ಞಾನಕ್ಕಿಂತ ಶ್ರದ್ಧೆ ಹೆಚ್ಚು: ಸೃಷ್ಟಿ ಪ್ರತಿಯೊಬ್ಬರಿಗೂ ಒಂದೇ ಆದರ್ಶ ಬಾಯಿಯನ್ನು ಉದ್ದೇಶಿಸಿದೆ ಎಂಬ ಶ್ರದ್ಧೆ. 1911ರಲ್ಲಿ ಕಾಲ್ವಿನ್ ಕೇಸ್ ಇದನ್ನು ಬಹಿರಂಗವಾಗಿ ಎದುರಿಸಿದ. ಕಡೆಗೆ ಆ್ಯಂಗಲನ ಶಿಷ್ಯ ಚಾರ್ಲ್ಸ್ ಟ್ವೀಡನೇ, ಕೀಳದೆ ಜೋಡಿಸಿದ ಹಲ್ಲುಗಳು ಹಲವರಲ್ಲಿ ನಿಲ್ಲದಿರುವುದನ್ನು ಕಂಡು, ಗುರುವಿನ ಮತವನ್ನು ಬಿಟ್ಟು ಹಲ್ಲು ಕಿತ್ತು ಮತ್ತೆ ಚಿಕಿತ್ಸೆ ಮಾಡಿದ.

ಹಳೆಯ ತಲೆಬುರುಡೆಗಳು ಈ ವಿಚಾರಕ್ಕೆ ಬೇರೊಂದು ಬೆಳಕು ಕೊಟ್ಟವು. ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕಿದವರ ಬಾಯಲ್ಲಿ ಹಲ್ಲುಗಳ ಇಕ್ಕಟ್ಟು ಕಡಿಮೆ. ಗಟ್ಟಿ ಆಹಾರ ಅಗಿದು ದವಡೆ ಅಗಲವಾಗಿ ಬೆಳೆಯುತ್ತಿತ್ತು ಎಂಬುದು ಒಂದು ವಿವರಣೆ. ಆಸ್ಟ್ರೇಲಿಯಾದ ರೇಮಂಡ್ ಬೆಗ್ 1954ರಲ್ಲಿ ಅಲ್ಲಿನ ಮೂಲನಿವಾಸಿಗಳ ಹಲ್ಲುಗಳನ್ನು ಮುಂದಿಟ್ಟು, ಸವೆತದಿಂದ ಹಲ್ಲಿನ ಅಗಲ ತಗ್ಗಿ ಜಾಗ ಸಿಗುತ್ತಿತ್ತು ಎಂದು ವಾದಿಸಿದ. ಯಾವ ವಿವರಣೆ ಹಿಡಿದರೂ ಒಂದು ಮಾತು ಉಳಿಯುತ್ತದೆ. ಇಂದಿನ ಇಕ್ಕಟ್ಟು ಬಾಯಿ ಸೃಷ್ಟಿಯ ಕೈಯಿಂದ ನೇರವಾಗಿ ಬಂದದ್ದಲ್ಲ. ಬೇಯಿಸಿ, ಬೀಸಿ, ಮೆತ್ತಗೆ ಮಾಡಿ ಉಣ್ಣುವ ನಾಗರಿಕತೆಯೂ ಅದನ್ನು ರೂಪಿಸಿದೆ. ದೇವರು ಕೊಟ್ಟದ್ದನ್ನು ಮುಟ್ಟಬಾರದು ಎಂಬ ವಾದ ಇಲ್ಲಿ ಸಡಿಲಾಗುತ್ತದೆ, ಏಕೆಂದರೆ ಮನುಷ್ಯರು ಅದನ್ನು ಆಗಲೇ ಮುಟ್ಟಿದ್ದಾರೆ.

ಆ ವಾದವನ್ನು ಅತ್ಯಂತ ಗಂಭೀರವಾಗಿ ಚರ್ಚಿಸಿದ್ದು ಇಸ್ಲಾಮಿನ ಧರ್ಮಶಾಸ್ತ್ರ. ಸೌಂದರ್ಯಕ್ಕಾಗಿ ಹಲ್ಲುಗಳ ನಡುವೆ ಸಂದು ಮಾಡಿಸಿಕೊಂಡು ಅಲ್ಲಾಹನ ಸೃಷ್ಟಿಯನ್ನು ಬದಲಿಸುವವರನ್ನು ಖಂಡಿಸುವ ಹದೀಸ್ ಒಂದಿದೆ. ಅದನ್ನು ವರದಿ ಮಾಡಿದವರು ಅಬ್ದುಲ್ಲಾ ಇಬ್ನ್ ಮಸೂದ್. ಕುಲಾಬ್ ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ ಎಂಬವರು ಬೆಳ್ಳಿಯ ಮೂಗು ಹಾಕಿಸಿಕೊಂಡು ಅದು ನಾರತೊಡಗಿದಾಗ, ಚಿನ್ನದ ಮೂಗು ಹಾಕಿಸಿಕೊಳ್ಳಲು ಪ್ರವಾದಿಯವರು ಹೇಳಿದರೆಂಬ ಹದೀಸ್ ಇನ್ನೊಂದು. ಗಂಡಸರಿಗೆ ಚಿನ್ನ ಸಲ್ಲದೆಂಬ ನಿಯಮವಿದ್ದರೂ ಈ ಅನುಮತಿ ಸಿಕ್ಕಿತು. ಇವೆರಡನ್ನೂ ಎದುರಿಗಿಟ್ಟುಕೊಂಡ ಧರ್ಮಜ್ಞರು, ಕೊರತೆಯನ್ನೋ ತೊಂದರೆಯನ್ನೋ ನಿವಾರಿಸುವುದು ಬೇರೆ, ಇದ್ದ ರೂಪಕ್ಕೆ ಬರೀ ಅಲಂಕಾರಕ್ಕಾಗಿ ಕೈ ಹಾಕುವುದು ಬೇರೆ ಎಂದು ಗೆರೆ ಎಳೆದರು. ಅಗಿಯಲು ತೊಂದರೆ ಕೊಡುವ, ಎದ್ದು ಕಾಣುವಷ್ಟು ವಕ್ರವಾದ ಹಲ್ಲನ್ನು ಸರಿಪಡಿಸುವುದಕ್ಕೆ ಅಡ್ಡಿಯಿಲ್ಲ ಎಂಬುದು ಇಂದಿನ ಹಲವು ವಿದ್ವಾಂಸರ ಅಭಿಪ್ರಾಯ.

ಬಾಲಿ ದ್ವೀಪದ ಹಿಂದೂಗಳು ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿದ್ದಾರೆ. ಹರೆಯಕ್ಕೆ ಬಂದವರ ಮೇಲಿನ ಸಾಲಿನ ಆರು ಮುಂಹಲ್ಲುಗಳನ್ನು ಕೋರೆಹಲ್ಲೂ ಸೇರಿದಂತೆ ಅರದಿಂದ ಉಜ್ಜಿ ಸಮಮಾಡುವ ಸಂಸ್ಕಾರ ಅಲ್ಲಿದೆ. ಮೆಪಂಡೆಸ್ ಎಂದು ಅದರ ಹೆಸರು. ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯ ಎಂಬ ಅರಿಷಡ್ವರ್ಗಕ್ಕೆ ಆ ಆರು ಹಲ್ಲುಗಳು ಸಂಕೇತ. ಚೂಪಾದ ಕೋರೆ ಪಶುವಿನದು, ರಾಕ್ಷಸನದು. ಸಮವಾದ ಸಾಲು ಮನುಷ್ಯನದು. ಕೊಟ್ಟ ದೇಹವನ್ನು ಹಾಗೇ ಉಳಿಸುವುದಲ್ಲ, ಸಂಸ್ಕರಿಸುವುದು ಇಲ್ಲಿ ಧರ್ಮ. ದಂತವಿಜ್ಞಾನದ ಕಣ್ಣಿನಿಂದ ನೋಡಿದರೆ ಎಚ್ಚರ ಬೇಕು: ಉಜ್ಜಿದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಈಚೆಗೆ ಹಲವರು ತೀರ ಹಗುರವಾಗಿ ಉಜ್ಜಿಸಿಕೊಂಡು ಸಂಸ್ಕಾರ ಮುಗಿಸುತ್ತಾರೆ.

ಬೌದ್ಧರ ‘ಲಕ್ಖಣ ಸುತ್ತ’ ಮಹಾಪುರುಷನ 32 ಲಕ್ಷಣಗಳಲ್ಲಿ ಸಮವಾದ, ಸಂದಿಲ್ಲದ ಹಲ್ಲುಗಳನ್ನು ಎಣಿಸುತ್ತದೆ. ಚಾಡಿ ಹೇಳದಿರುವುದಕ್ಕೂ ಶುದ್ಧವಾದ ಜೀವನೋಪಾಯಕ್ಕೂ ಸಿಕ್ಕ ಫಲ ಅದು ಎನ್ನುತ್ತದೆ. ಇಂಥ ಚಿತ್ರಗಳಿಗೆ ಕಾವ್ಯದ ಬೆಲೆಯಿದೆ. ಆದರೆ ಸೊಟ್ಟ ಹಲ್ಲನ್ನು ಹಿಂದಿನ ಜನ್ಮದ ಕೆಟ್ಟ ಕರ್ಮದ ಗುರುತೆಂದು ಯಾವ ಮಗುವಿನ ಎದುರೂ ಆಡಬಾರದು. ಪುರಾಣಗಳೇ ಅದಕ್ಕೆ ಎಡೆಗೊಡುವುದಿಲ್ಲ. ಒಂದು ದಂತ ಮುರಿದ ಗಣಪತಿಗೇ ಮೊದಲ ಪೂಜೆ. ದಕ್ಷನ ಯಜ್ಞದಲ್ಲಿ ವೀರಭದ್ರನಿಂದ ಹಲ್ಲು ಕಳೆದುಕೊಂಡ ಪೂಷನನ್ನೂ ಹವಿಸ್ಸಿನಿಂದ ಹೊರಗಿಡಲಿಲ್ಲ. ಅವನಿಗೆ ಹಿಟ್ಟಿನ ನೈವೇದ್ಯ ನಿಗದಿಯಾಯಿತು. ಆಯುರ್ವೇದವೂ ಪಾಪದ ಮಾತೆತ್ತಲಿಲ್ಲ. ವಾಯು ಹಲ್ಲನ್ನು ಹಿಡಿದು ಮೆಲ್ಲಮೆಲ್ಲನೆ ವಿಕಟವಾಗಿಸುವ ರೋಗಕ್ಕೆ ಕರಾಲ ಎಂದು ಹೆಸರಿಟ್ಟು, ಅದು ಗುಣವಾಗದ್ದು ಎಂದು ‘ಮಾಧವನಿದಾನ’ ಪ್ರಾಮಾಣಿಕವಾಗಿ ಒಪ್ಪಿಕೊಂಡಿತು.

ಅಂದು ಅಸಾಧ್ಯವಾದದ್ದು ಇಂದು ಸಾಧ್ಯವಾಗಿರುವುದು ಮೂಳೆಯ ಸ್ವಭಾವದಿಂದ. ಹಲ್ಲಿನ ಮೇಲೆ ಹಗುರವಾದ ಒತ್ತಡವನ್ನು ಬಿಡದೆ ಇಟ್ಟರೆ, ಒತ್ತಿದ ಕಡೆ ಮೂಳೆ ಕರಗುತ್ತದೆ, ಎಳೆದ ಕಡೆ ಹೊಸ ಮೂಳೆ ಕೂಡುತ್ತದೆ. ಹಲ್ಲು ತಿಂಗಳಿಗೆ ಹೆಚ್ಚೂಕಡಿಮೆ ಒಂದು ಮಿಲಿಮೀಟರ್ ಸರಿಯುತ್ತದೆ. ಹಲ್ಲಿಗೆ ಅಂಟಿಸಿದ ಬ್ರ್ಯಾಕೆಟ್ಟಿನ ಮೂಲಕ ತಂತಿ ಹಾಯಿಸುವ ಕ್ಲಿಪ್ ಹಳೆಯ ದಾರಿ. ಪಾರದರ್ಶಕ ಅಲೈನರ್ ಹೊಸದು; 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಅಲೈನ್ ಟೆಕ್ನಾಲಜಿ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ದಿನಕ್ಕೆ 20ರಿಂದ 22 ಗಂಟೆ ಧರಿಸಬೇಕು, ಊಟಕ್ಕೆ ತೆಗೆಯಬಹುದು. ಹೆದರುವವರಿಗೆ ಇದರಲ್ಲಿ ಒಂದು ಅನುಕೂಲವಿದೆ: ತಂತಿ ಚುಚ್ಚುವುದಿಲ್ಲ, ತೆಗೆದಿಡುವ ಸ್ವಾತಂತ್ರ್ಯ ತಮ್ಮ ಕೈಯಲ್ಲೇ ಇರುತ್ತದೆ. ಅಚ್ಚು ತೆಗೆಯುವ ಮೆತ್ತೆಗೆ ವಾಕರಿಕೆ ಬರುವವರಿಗೆ ಸ್ಕ್ಯಾನರ್ ಸಿಗುತ್ತದೆ. ತೀರ ಕ್ಲಿಷ್ಟವಾದ ವಕ್ರತೆಗಳಿಗೆ ಮಾತ್ರ ತಂತಿಯೇ ಹೆಚ್ಚು ಭರವಸೆಯದು.

ಅಗತ್ಯ ಎಲ್ಲಿ ಮುಗಿಯುತ್ತದೆ, ಆಸೆ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಅಳೆಯಲು ಬ್ರಿಟನ್ 1989ರಲ್ಲಿ ಒಂದು ಮಾನದಂಡ ರೂಪಿಸಿಕೊಂಡಿತು. ಆರೋಗ್ಯದ ದೃಷ್ಟಿಯಿಂದ ಐದು ದರ್ಜೆ, ನೋಟದ ದೃಷ್ಟಿಯಿಂದ ಹತ್ತು ಚಿತ್ರಗಳ ಸಾಲು. ಮೇಲಿನ ಹಲ್ಲು ಕೆಳಗಿನದಕ್ಕಿಂತ 6 ಮಿಲಿಮೀಟರಿಗೂ ಹೆಚ್ಚು ಮುಂದಿದ್ದರೆ ನಾಲ್ಕನೆಯ ದರ್ಜೆ, 9 ದಾಟಿದರೆ ಐದನೆಯದು. ಅಷ್ಟು ಉಬ್ಬಿದ ಹಲ್ಲು ಬಿದ್ದಾಗ ಬೇಗ ಮುರಿಯುತ್ತದೆ. ಸರಕಾರದ ಖರ್ಚಿನಲ್ಲಿ ಯಾವ ಮಗುವಿಗೆ ಚಿಕಿತ್ಸೆ ಎಂದು ನಿರ್ಧರಿಸಲು ಈ ಅಳತೆ ಬೇಕಾಯಿತು. ಧರ್ಮಜ್ಞರು ಎಳೆದ ಗೆರೆಯನ್ನೇ ಇದು ಮಿಲಿಮೀಟರಿನಲ್ಲಿ ಎಳೆದಿದೆ. ನೋಟಕ್ಕೂ ಅದರಲ್ಲಿ ಜಾಗ ಕೊಟ್ಟಿರುವುದು ಸರಿಯಾದದ್ದೇ. ಶಾಲೆಯಲ್ಲಿ ಹಲ್ಲಿನ ಕಾರಣಕ್ಕೆ ಅಡ್ಡಹೆಸರು ಪಡೆದು ಬಾಯಿಗೆ ಕೈ ಅಡ್ಡ ಹಿಡಿದು ನಗುವ ಹುಡುಗಿಯ ಸಂಕಟ ಅಲಂಕಾರದ ವಿಷಯವಲ್ಲ. ಹಾಗೆಂದು ಚಿಕಿತ್ಸೆ ಮಾರುವವರು ನಾಚಿಕೆಯನ್ನೂ ಬಿತ್ತತೊಡಗಿದರೆ ಅದನ್ನು ಒಪ್ಪಲಾಗದು. ಜಪಾನಿನಲ್ಲಿ ಏರಿ ಬಂದ ಕೋರೆಹಲ್ಲನ್ನು ಮುದ್ದಾದದ್ದೆಂದು ಕಾಣುವವರಿದ್ದಾರೆ. ಪಶ್ಚಿಮ ಆಫ್ರಿಕದ ಹಲವೆಡೆ ಮುಂಹಲ್ಲಿನ ಸಂದು ಚೆಲುವಿನ ಗುರುತು. ಆದರ್ಶ ಬಾಯಿ ಒಂದೇ ಇಲ್ಲ.

ಹಾಗಿದ್ದ ಮೇಲೆ ನಿರ್ಧಾರ ಯಾರದು ಎಂಬುದೇ ಮುಖ್ಯವಾಗುತ್ತದೆ. ಕ್ಲಿಪ್ ಹಾಕಿಸಿಕೊಳ್ಳುವವರು ಹೆಚ್ಚಾಗಿ ಹನ್ನೆರಡು ಹದಿಮೂರರ ಮಕ್ಕಳು. ನಿರ್ಧರಿಸುವವರು ಅಪ್ಪ ಅಮ್ಮ. ಒಂದೂವರೆ ಎರಡು ವರ್ಷದ ಚಿಕಿತ್ಸೆ, ತಂತಿ ಬಿಗಿಸಿದಾಗಲೆಲ್ಲ ಎರಡು ಮೂರು ದಿನದ ನೋವು, ಆಮೇಲೆ ಹಲ್ಲು ಹಳೆಯ ಜಾಗಕ್ಕೆ ಮರಳದಂತೆ ವರ್ಷಗಟ್ಟಲೆ ರಾತ್ರಿ ಧರಿಸಬೇಕಾದ ರಿಟೇನರ್ ಇಷ್ಟನ್ನೂ ಅನುಭವಿಸುವುದು ಮಗು. ಅಗಿಯಲು ತೊಂದರೆಯಿದ್ದರೆ, ಹಲ್ಲು ಮುರಿಯುವ ಅಪಾಯವಿದ್ದರೆ, ದವಡೆಯ ಬೆಳವಣಿಗೆಯನ್ನು ಆ ವಯಸ್ಸಿನಲ್ಲೇ ತಿದ್ದಬೇಕಾಗಿದ್ದರೆ ಹಿರಿಯರು ಮಗುವನ್ನು ಒಪ್ಪಿಸಿ ಮಾಡಿಸುವುದು ಅವರ ಕರ್ತವ್ಯ. ಕಾರಣ ಬರೀ ನೋಟವಾಗಿದ್ದರೆ, ಮಗು ಬೇಡವೆಂದಾಗ ನಿಲ್ಲಿಸಬೇಕು. ನಿಲ್ಲಿಸಿದರೆ ಕಳೆದುಕೊಳ್ಳುವುದು ಕಡಿಮೆ: ವಸಡೂ ಮೂಳೆಯೂ ಗಟ್ಟಿಯಾಗಿದ್ದರೆ ಹಲ್ಲುಗಳನ್ನು ಮೂವತ್ತರಲ್ಲೂ ಐವತ್ತರಲ್ಲೂ ಸರಿಸಬಹುದು.